ಬಿ.ಕಾಂನಲ್ಲಿ ಶೇ 74, ಆಡಿಟ್ ಆಫೀಸಿನಲ್ಲಿ ಎರಡು ವರ್ಷ: ಫೈನಾನ್ಸ್ ಮಾಸ್ಟರ್ಸ್ ಸೀಟು ಸಿಗುತ್ತಾ?

ನೀವು ಕೇಳಿರುವುದು ಇಷ್ಟು: ತುಮಕೂರಿನಲ್ಲಿ ಬಿ.ಕಾಂ, ಶೇ 74 ಅಂಕ, ಎರಡು ವರ್ಷದಿಂದ ಆಡಿಟ್ ಆಫೀಸಿನಲ್ಲಿ ಕೆಲಸ, ಜಿಮ್ಯಾಟ್ (ಬಿಸಿನೆಸ್ ಕೋರ್ಸುಗಳ ಪ್ರವೇಶ ಪರೀಕ್ಷೆ) ಇನ್ನೂ ಬರೆದಿಲ್ಲ. ಹೊರದೇಶದಲ್ಲಿ ಫೈನಾನ್ಸ್ ಮಾಸ್ಟರ್ಸ್ ಸೀಟು ಸಿಗುವ ಚಾನ್ಸ್ ಎಷ್ಟು ಪರ್ಸೆಂಟ್?

ಪರ್ಸೆಂಟ್ ಲೆಕ್ಕದಲ್ಲಿ ಯಾರಾದರೂ ಉತ್ತರ ಕೊಟ್ಟರೆ ನಂಬಬೇಡಿ. ನನಗೂ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಯವರು "ನೂರಕ್ಕೆ ಎಂಬತ್ತು ಗ್ಯಾರಂಟಿ" ಅಂದಿದ್ದರು. ದುಡ್ಡು ಕಟ್ಟಿದೆ. ಐದು ಕಡೆ ಅರ್ಜಿ ಹಾಕಿಸಿದರು, ಐದೂ ಕಡೆ ಇಲ್ಲ ಅಂತ ಬಂತು. ಆಮೇಲೆ ಕೂತು ನೋಡಿದರೆ ಅದರಲ್ಲಿ ನಾಲ್ಕು ಫೈನಾನ್ಷಿಯಲ್ ಎಂಜಿನಿಯರಿಂಗ್ ಕೋರ್ಸುಗಳು! ನಾನು ಪಿಯುಸಿಯಲ್ಲಿ ಗಣಿತವೇ ಇಲ್ಲದ ಎಚ್‌ಇಬಿಎ ತಗೊಂಡು ಇತಿಹಾಸ ಓದಿದವನು. ಡಿಗ್ರಿಯಲ್ಲಿ ಕಲಿತ ಗಣಿತ ಅಂದರೆ ಬಿಸಿನೆಸ್ ಮ್ಯಾಥ್ಸ್ ಅಷ್ಟೇ: ಬಡ್ಡಿ, ಶ್ರೇಢಿ, ಒಂದಿಷ್ಟು ಮ್ಯಾಟ್ರಿಕ್ಸ್. ಅವರು ಕೇಳಿದ್ದು ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಮೇಲೆ ಪ್ರೋಗ್ರಾಮಿಂಗ್. ಶೇ 95 ಇದ್ದಿದ್ದರೂ ನನಗೆ ಸಿಗುತ್ತಿರಲಿಲ್ಲ.

ಅದಕ್ಕೇ ಹೇಳುವುದು, ಮೊದಲು ಕೋರ್ಸಿನ ಹೆಸರು ಬಿಡಿ, ಒಳಗೆ ಏನು ಕೇಳುತ್ತಾರೆ ನೋಡಿ. ಲಂಡನ್ ಬಿಸಿನೆಸ್ ಸ್ಕೂಲಿನಲ್ಲಿ 'ಮಾಸ್ಟರ್ಸ್ ಇನ್ ಫೈನಾನ್ಸ್' ಇರುವುದು ಕೆಲಸದ ಅನುಭವ ಇದ್ದವರಿಗೆ. ಆಗ ತಾನೇ ಡಿಗ್ರಿ ಮುಗಿಸಿದವರಿಗೆ 'ಮಾಸ್ಟರ್ಸ್ ಇನ್ ಫೈನಾನ್ಷಿಯಲ್ ಅನಾಲಿಸಿಸ್' ಅಂತ ಬೇರೆಯೇ ಇದೆ. ಹೆಸರು ನೋಡಿ ಅರ್ಜಿ ಹಾಕಿದರೆ ಫೀಸು ದಂಡ.

ಒಂದು ಭಾನುವಾರ ಆರೂ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಳ್ಳಿ. ಗಣಿತ, ಸ್ಟಾಟಿಸ್ಟಿಕ್ಸ್, ಎಕನಾಮಿಕ್ಸ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್, ಈ ಪೇಪರುಗಳ ಅಂಕ ಮಾತ್ರ ಬೇರೆ ಬರೆದುಕೊಳ್ಳಿ. ಒಟ್ಟು 74ರಲ್ಲಿ ಕನ್ನಡ, ಇಂಗ್ಲಿಷ್ ಅಂಕಗಳೂ ಸೇರಿವೆ ಅಲ್ವಾ? ನನಗೆ ಒಟ್ಟು 71 ಇತ್ತು, ಬೇರೆ ಬರೆದಾಗ ಸ್ಟಾಟಿಸ್ಟಿಕ್ಸ್‌ನಲ್ಲಿ 48! ಆ ಒಂದು ಸಾಲು ಕಣ್ಣಿಗೆ ಹೊಡೆಯುತ್ತಿತ್ತು.

ಆಮೇಲೆ ದೇಶ. ನಮ್ಮ ಮೂರು ವರ್ಷದ ಬಿ.ಕಾಂ ಅನ್ನು ಬ್ರಿಟನ್ನಿನ ವಿಶ್ವವಿದ್ಯಾಲಯದವರು ಸಾಮಾನ್ಯವಾಗಿ ತಕರಾರಿಲ್ಲದೆ ಒಪ್ಪುತ್ತಾರೆ. ಅವರ ವೆಬ್‌ಸೈಟಿನಲ್ಲಿ ಇಂಡಿಯಾ ಅಂತಲೇ ಒಂದು ಪುಟ ಇರುತ್ತದೆ, ಎಷ್ಟು ಶೇಕಡಾ ಬೇಕು ಅಂತ ಅಲ್ಲೇ ಬರೆದಿರುತ್ತಾರೆ. ಅಮೆರಿಕದಲ್ಲಿ ಎಷ್ಟೋ ಕಡೆ ನಾಲ್ಕು ವರ್ಷದ ಡಿಗ್ರಿ ಕೇಳುತ್ತಾರೆ, ಮೊದಲೇ ಮೇಲ್ ಮಾಡಿ ಕೇಳಿಬಿಡಿ. ಜರ್ಮನಿಯವರದು ಒಂದು ಸೂತ್ರ: ನೂರರಿಂದ ನಿಮ್ಮ ಅಂಕ ಕಳೆದು, ನೂರರಿಂದ ಪಾಸ್ ಅಂಕ ಕಳೆದದ್ದರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಪಾಸ್ ಅಂಕ 40 ಎಂದಿಟ್ಟುಕೊಂಡರೆ ನಿಮ್ಮ 74ಕ್ಕೆ ಬರುವುದು 2.3. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸ್. 2.3 ಕೆಟ್ಟದ್ದಲ್ಲ. ಆದರೆ ಗಣಿತ, ಎಕನಾಮಿಕ್ಸ್‌ಗೆ ಇಂತಿಷ್ಟು ಕ್ರೆಡಿಟ್ ಆಗಿರಲೇಬೇಕು ಅಂತ ಅಲ್ಲಿ ಎಣಿಸಿ ನೋಡುತ್ತಾರೆ, ನಮ್ಮಂಥವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಜಿಮ್ಯಾಟ್ ಬರೆಯಿರಿ, ಎಲ್ಲ ಕಡೆ ಕೇಳದಿದ್ದರೂ. ನಿಮ್ಮ ಡಿಗ್ರಿಯಲ್ಲಿ ಗಣಿತ ಕಮ್ಮಿ ಇರುವುದರಿಂದ ಅದರ ಕ್ವಾಂಟ್, ಅಂದರೆ ಗಣಿತ ಭಾಗದ ಸ್ಕೋರೇ ನಿಮ್ಮ ಸಾಕ್ಷಿ. ಹಳಬರು "700 ಬೇಕು" ಅಂದರೆ ಗಾಬರಿ ಬೇಡ. 2023ರ ನವೆಂಬರಿನಲ್ಲಿ ಬಂದ ಹೊಸ ಪರೀಕ್ಷೆಯಲ್ಲಿ ಸ್ಕೋರು 205ರಿಂದ 805. ಹಳೆಯ 700 ಈಗ ಹೆಚ್ಚುಕಮ್ಮಿ 645ಕ್ಕೆ ಸಮ. ಜಿಮ್ಯಾಟ್ ಸ್ಕೋರು ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನದು ಎರಡೇ ವರ್ಷ, ಅದನ್ನು ಆಮೇಲೆ ಬರೆದರಾಯಿತು.

ಕಾಲೇಜುಗಳು ಹಾಕುವ ಸರಾಸರಿ ಸ್ಕೋರು ನೋಡಿ ಸುಮ್ನೆ ಕುಗ್ಗಬೇಡಿ, ಹಿಗ್ಗಲೂ ಬೇಡಿ. ನಾನು ಎರಡನೇ ಸಲ ಮಾಡಿದ್ದು ಬೇರೆ. ಲಿಂಕ್ಡ್‌ಇನ್‌ನಲ್ಲಿ ಒಂದೊಂದು ಕೋರ್ಸಿನ ಹಳೆಯ ವಿದ್ಯಾರ್ಥಿಗಳನ್ನು ಹುಡುಕಿದೆ. ಅದರಲ್ಲಿ ಐಐಟಿಯವರು, ಸಿಎ ಮಾಡಿದವರು ಎಷ್ಟು ಜನ ಅನ್ನುವುದಕ್ಕಿಂತ, ದಾವಣಗೆರೆ, ಹಾಸನ, ಕೋಲಾರದಂಥ ಊರಿನಲ್ಲಿ ಬರೀ ಬಿ.ಕಾಂ ಮಾಡಿ ಹೋದವರು ಇದ್ದಾರಾ ಅಂತ ನೋಡಿದೆ. ಒಬ್ಬರೂ ಇಲ್ಲದ ಕಡೆ ಬಿಟ್ಟೆ. ಮೂರು ನಾಲ್ಕು ಜನ ಇದ್ದ ಕಡೆ ಹಾಕಿದೆ. ಎರಡು ಆಫರ್ ಬಂತು.

ಇನ್ನು ಎಸ್‌ಒಪಿ, ಅಂದರೆ ಈ ಕೋರ್ಸು ಯಾಕೆ ಬೇಕು ಅಂತ ಅರ್ಜಿ ಜೊತೆ ಬರೆದು ಕೊಡುವ ಪತ್ರ. ಮೊದಲ ವರ್ಷ ಕನ್ಸಲ್ಟೆನ್ಸಿಯವರು "ಬಾಲ್ಯದಿಂದಲೂ ಷೇರು ಮಾರುಕಟ್ಟೆ ಎಂದರೆ ನನಗೆ ಅಪಾರ ಆಸಕ್ತಿ" ಅಂತ ಬರೆದುಕೊಟ್ಟಿದ್ದರು. ಬಾಲ್ಯದಲ್ಲಿ ನಾನು ಷೇರು ಅನ್ನುವ ಪದವನ್ನೇ ಕೇಳಿರಲಿಲ್ಲ. ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಉಂಡೆ ಕೊಬ್ಬರಿಗೆ ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಇಡುತ್ತೇವೆ. ಅಪ್ಪ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವರು, ಒಳಗೆ ಗಟಗಟ ಅಂದರೆ ಕೊಬ್ಬರಿ ಆಗಿದೆ ಅಂತ. ರೇಟು ಬಿದ್ದಿದ್ದರೆ ಇನ್ನೂ ಇಡುವುದಾ, ಸೊಸೈಟಿ ಸಾಲದ ಬಡ್ಡಿ ಓಡುತ್ತಿದೆ ಅಂತ ಮಾರುವುದಾ? ಮನೆಯಲ್ಲಿ ಇದೇ ಜಗಳ. ಎರಡನೇ ವರ್ಷ ಅದನ್ನೇ ಬರೆದೆ, ಲೆಕ್ಕದ ಸಮೇತ. ನೀವೂ ಆಡಿಟ್ ಆಫೀಸಿನಲ್ಲಿ ನಿಜವಾಗಿ ಏನು ಮಾಡುತ್ತೀರೋ ಅದನ್ನು ಬರೆಯಿರಿ. ಜಿಎಸ್‌ಟಿಆರ್-2ಬಿ (ಮಾರಿದವರು ಸಲ್ಲಿಸಿದ ಬಿಲ್ಲುಗಳಿಂದ ಬರುವ ಜಿಎಸ್‌ಟಿ ಪಟ್ಟಿ) ಜೊತೆ ಪರ್ಚೇಸ್ ರಿಜಿಸ್ಟರ್ ತಾಳೆ ನೋಡಿ ಯಾರದೋ ತೆರಿಗೆ ಕ್ರೆಡಿಟ್ ಉಳಿಸಿಕೊಟ್ಟಿದ್ದರೆ, ಯಾವ ವ್ಯಾಪಾರ, ಎಷ್ಟು ಬಿಲ್ಲು, ಎಲ್ಲಿ ತಪ್ಪಿತ್ತು ಅಂತ ಹೇಳಿ. ಗಿರಾಕಿಯ ಹೆಸರು ಮಾತ್ರ ಬೇಡ.

ಹಾಗಾದರೆ ನಿಮ್ಮ ಕಥೆ? ಗಣಿತ ಜಾಸ್ತಿ ಇರುವ ಕೋರ್ಸುಗಳು ಈಗ ಆಗದ ಮಾತು. ಲಂಡನ್ನಿನ ದೊಡ್ಡ ಹೆಸರುಗಳು ಜಿಮ್ಯಾಟ್ ಚೆನ್ನಾಗಿ ಬಂದರೂ ಕಷ್ಟವೇ. ಬ್ರಿಟನ್ನಿನ ಮಧ್ಯಮ ದರ್ಜೆಯ ವಿಶ್ವವಿದ್ಯಾಲಯಗಳಲ್ಲಿ ಫೈನಾನ್ಸ್, ಇಲ್ಲವೇ ಅಕೌಂಟಿಂಗ್ ಅಂಡ್ ಫೈನಾನ್ಸ್, ಸಿಗುತ್ತದೆ ಅಂತ ನನಗನ್ನಿಸುತ್ತದೆ. ಆಫರ್ ಬಂದ ಮೇಲೆ ಡೆಪಾಸಿಟ್ ಕಟ್ಟಬೇಕು. ವೀಸಾಗೆ ಖಾತೆಯಲ್ಲಿ ದುಡ್ಡು ತೋರಿಸುವುದಾದರೆ ಅದು 28 ದಿನ ಕದಲದೆ ಇರಬೇಕು. ಬ್ಯಾಂಕ್ ಸಾಲದ ಮಾತನ್ನು ಆಫರ್ ಬರುವ ಮೊದಲೇ ಆಡಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಷಿಯಲ್ ಇದ್ದು, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆಯಾ, ಇವತ್ತೇ ನೋಡಿ. ನನ್ನದು ಹಾಗಿತ್ತು. ಇಬ್ಬರೂ ಒಬ್ಬನೇ ಅಂತ ಅಫಿಡವಿಟ್ ಮಾಡಿಸಲು, ಅರ್ಜಿಯ ಕೊನೆಯ ದಿನ, ಮಳೆಯಲ್ಲಿ ನೋಟರಿಯವರನ್ನು ಹುಡುಕಿಕೊಂಡು ಕೋರ್ಟಿನ ಮುಂದೆ ಅಲೆದಿದ್ದೇನೆ.