ಸಂಪಾದಕರ ಉತ್ತರ: ಸ್ವರ ಮುಟ್ಟಬೇಕು, ನಿಲ್ಲಬಾರದು

“ಸಂಗೀತ ರಚನೆಕಾರ ಷೋನ್‌ಬರ್ಗ್ ಒಂದು ಧ್ವನಿ ಮತ್ತು ವಾದ್ಯಗಳಿಗಾಗಿ ಹೊಂದಿಸಿದ ಪದ್ಯಮಾಲೆ ‘ಪಿಯೆರೊ ಲ್ಯೂನೇರ್’ ಕೇಳಿದೆ. ಅದರ ಗಾಯಕಿ ಹಾಡುವುದಿಲ್ಲ, ಮಾತಾಡುವುದೂ ಇಲ್ಲ. ಬರೆದ ಸ್ವರದಲ್ಲಿ ನಿಲ್ಲುವುದೇ ಇಲ್ಲ. ಸ್ವರ ಹಿಡಿಯಲಾಗದವರಿಗೆ ಇದೊಂದು ನೆಪವಲ್ಲವೇ?” ಎಂದು ಓದುಗರೊಬ್ಬರು ಕೇಳಿದ್ದಾರೆ.

ನಿಮ್ಮ ಕಿವಿ ಚುರುಕಾಗಿದೆ, ತೀರ್ಪು ಮಾತ್ರ ಅವಸರದ್ದು. ಆಕೆ ನಿಲ್ಲದಿರುವುದು ಷೋನ್‌ಬರ್ಗ್ ಕೇಳಿದ್ದಕ್ಕೇ. ಸ್ವರವನ್ನು ಮುಟ್ಟಿದ ಕೂಡಲೇ ಮೇಲಕ್ಕೋ ಕೆಳಕ್ಕೋ ಜಾರಿ ಬಿಡಬೇಕು, ಲಯವನ್ನು ಮಾತ್ರ ಹಾಡಿನಷ್ಟೇ ಕರಾರುವಾಕ್ಕಾಗಿ ಪಾಲಿಸಬೇಕು ಎಂದು ಕೃತಿಯ ಮುನ್ನುಡಿಯಲ್ಲೇ ಬರೆದಿದ್ದಾನೆ. ಸ್ವರಲಿಪಿಯಲ್ಲಿ ಆ ಸ್ವರಗಳ ಕಡ್ಡಿಗೆ × ಗುರುತೂ ಇದೆ.

ಸ್ವರವನ್ನು ಬಿಗಿಯಾಗಿ ಹಿಡಿಯಬೇಕೆನ್ನುವವರಿಗೂ ಆಧಾರವಿದೆ: 17ನೆಯ ಪದ್ಯದಲ್ಲಿ ಧ್ವನಿಯೂ ವಾದ್ಯಗಳ ಜೊತೆ ಕ್ಯಾನನ್‌ನಲ್ಲಿ, ಅಂದರೆ ಒಂದೇ ಸ್ವರಸಾಲನ್ನು ಒಬ್ಬರ ಹಿಂದೆ ಒಬ್ಬರು ಅನುಸರಿಸುವ ರಚನೆಯಲ್ಲಿ, ಸೇರುತ್ತದೆ. ಒಪ್ಪೋಣ. ಆದರೆ 8ನೆಯ ಪದ್ಯ ‘ನಾಖ್ಟ್’ (ರಾತ್ರಿ) ತೆರೆದು ನೋಡಿ. ಇಡೀ ಪದ್ಯ ನಿಂತಿರುವ ಮೂರು ಸ್ವರಗಳು, ಇ, ಜಿ, ಇ-ಫ್ಲಾಟ್, ಒಂದೇ ಒಂದು ಪದದಲ್ಲಿ ಧ್ವನಿಗೂ ಬರುತ್ತವೆ. ಅಲ್ಲಿ ‘ಹಾಡಬೇಕು’ ಎಂದು ಬೇರೆಯಾಗಿ ಸೂಚಿಸಿದ್ದಾನೆ. ಎಲ್ಲೆಡೆ ಹಾಡೇ ಬೇಕಿದ್ದರೆ ಆ ಸೂಚನೆ ಏಕೆ? 1940ರಲ್ಲಿ ಅವನೇ ನಿರ್ದೇಶಿಸಿದ ಧ್ವನಿಮುದ್ರಣದಲ್ಲೂ ಎರಿಕಾ ಸ್ಟೀಡ್ರಿ-ವಾಗ್ನರ್ ಬರೆದ ಸ್ವರಗಳಿಂದ ಆಗಾಗ ದೂರ ಸರಿಯುತ್ತಾರೆ.

ಇದು ಸುಲಭದ ನೆಪವಲ್ಲ. ಮೊದಲು ಪದಗಳನ್ನು ಮೆಟ್ರೊನೋಮ್ (ಲಯ ಬಡಿಯುವ ಯಂತ್ರ) ಹಾಕಿಕೊಂಡು ಲಯದಲ್ಲಷ್ಟೇ ಹೇಳಬೇಕು. ಆಮೇಲೆ ಪಿಯಾನೊ ಜೊತೆ ಸ್ವರಗಳನ್ನು ನಿಜಕ್ಕೂ ಹಾಡಿ ಗಟ್ಟಿಮಾಡಬೇಕು. ಕೊನೆಗೆ ಸ್ವರದ ಆರಂಭವನ್ನಷ್ಟೇ ಉಳಿಸಿ ಜಾರಬೇಕು. ಎರಡನೆಯ ಹಂತ ಬಿಟ್ಟವರು ಎಲ್ಲ ಸಾಲನ್ನೂ ಒಂದೇ ಮಟ್ಟದಲ್ಲಿ ಒದರುತ್ತಾರೆ; ಮೂರನೆಯದನ್ನು ಬಿಟ್ಟವರದು ಹಾಡಾಗಿಬಿಡುತ್ತದೆ. ಜಾರು ಉದ್ದವಾದರೆ ಗೋಳಾಟ. ಲಯ ಸಡಿಲವಾದರಂತೂ ಎಂಟು ವಾದ್ಯಗಳನ್ನು ಬದಲಿಸುತ್ತಾ ನುಡಿಸುವ ಐವರೂ ದಿಕ್ಕು ತಪ್ಪುತ್ತಾರೆ. 1912ರ ಅಕ್ಟೋಬರ್ 16ರಂದು ಬರ್ಲಿನ್‌ನಲ್ಲಿ ನಡೆದ ಮೊದಲ ಪ್ರದರ್ಶನಕ್ಕೆ ಸುಮಾರು 40 ತಾಲೀಮು ಬೇಕಾದವು. ಕೃತಿಯನ್ನು ಬರೆಸಿ, ಅಂದು ಧ್ವನಿ ನೀಡಿದ ಆಲ್ಬರ್ಟಿನ್ ಸೇಮೆ ವೃತ್ತಿಯಿಂದ ನಟಿ.

ನಟಿಯೆಂದರೆ ಅಭಿನಯಕ್ಕೆ ಪರವಾನಗಿ ಎಂದು ತಿಳಿಯುವವರೂ ಕೃತಿಯನ್ನು ಕೆಡಿಸುತ್ತಾರೆ. ಭಾವವನ್ನು ಪದಗಳ ಅರ್ಥದಿಂದಲ್ಲ, ಸಂಗೀತದಿಂದ ತೆಗೆಯಿರಿ ಎಂದು ಅದೇ ಮುನ್ನುಡಿ ಹೇಳುತ್ತದೆ. ಯಾರು ಓದುತ್ತಾರೆ? ವಿಮರ್ಶಕರಿಗೆ ‘ಶ್ರುತಿಕೇಂದ್ರ ಒಡೆದ ಕ್ರಾಂತಿ’ ಎಂದು ಬರೆದರೆ ಕೆಲಸ ಮುಗಿಯಿತು. ಸಂಘಟಕರು ಕರಪತ್ರದಲ್ಲಿ ಪ್ರಾಯೋಜಕರಿಗೆ ಪುಟ ಕೊಡುತ್ತಾರೆ, ಕೃತಿಯ ಕವಿ ಆಲ್ಬರ್ಟ್ ಜಿರೋನ ಪದ್ಯಗಳಿಗೆ ಜಾಗವಿಲ್ಲ. ಅವನ 13 ಸಾಲಿನ ಪ್ರತಿ ಪದ್ಯದಲ್ಲೂ ಮೊದಲೆರಡು ಸಾಲು 7 ಮತ್ತು 8ರಲ್ಲಿ, ಮೊದಲನೆಯದು 13ರಲ್ಲಿ ಮರಳುತ್ತದೆ. ಪಠ್ಯ ಕೈಯಲ್ಲಿಲ್ಲದ ಕೇಳುಗ, ಅದೇ ಸಾಲು ಪ್ರತಿ ಸಲ ಬೇರೆ ದಾರಿಯಲ್ಲಿ ಜಾರುವುದನ್ನು ಹೇಗೆ ಹಿಡಿಯಬೇಕು?