ಸೂಜಿಯ ತಾರೀಖು ಗಡಿಯಾಚೆ ಬಿದ್ದರೆ

ರಾಯಚೂರು ಸೀಮೆಯ ಹೆಣ್ಣುಮಕ್ಕಳು ಎರಡು ಮಕ್ಕಳಾದ ಕೂಡಲೇ ಸಂತಾನಹರಣದ ಆಪರೇಷನ್ನಿಗೆ ಏಕೆ ಹೋಗುತ್ತಾರೆ, ಬೇರೆ ದಾರಿಯೇ ಇಲ್ಲವೇ ಎಂದು ಕೇಳಿದ್ದೀರಿ. ಇವೆ. ಗರ್ಭಕೋಶದೊಳಗೆ ಇಡುವ ವಂಕಿ, ದಿನಾ ನುಂಗುವ ಮಾಲಾ-ಎನ್ ಮಾತ್ರೆ, ವಾರದ ಲೆಕ್ಕದಲ್ಲಿ ನುಂಗುವ ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಅಂತರಾ ಚುಚ್ಚುಮದ್ದು, ಎಲ್ಲವೂ ಸರ್ಕಾರದಿಂದ ಉಚಿತ. ಆದರೆ ವರ್ಷವಿಡೀ ಒಂದೇ ಊರಿನಲ್ಲಿರುವವಳಿಗೆ ಹೊಂದುವಂತೆ ಈ ಸೇವೆ ನಡೆಯುತ್ತದೆ. ನಮ್ಮವರ ಬದುಕು ಹಾಗಿಲ್ಲ.

ಕೃಷ್ಣೆ ದಾಟಿದರೆ ತೆಲಂಗಾಣ. ಎಷ್ಟೋ ಮಂದಿಗೆ ತವರು ಈಚೆ, ಗಂಡನ ಮನೆ ಆಚೆ. ಬಾಣಂತನಕ್ಕೆ ತವರಿಗೆ ಬಂದವಳಿಗೆ ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಅಂತರಾ ಕೊಡಬಹುದು. ಎದೆಹಾಲಿಗೆ ತೊಂದರೆಯಿಲ್ಲ. ಮುಂದಿನ ಸೂಜಿಯ ಹೊತ್ತಿಗೆ ಅವಳು ಗಂಡನ ಮನೆಯಲ್ಲಿರುತ್ತಾಳೆ, ಇಲ್ಲವೇ ಗುಳೆ ಹೋಗಿ ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿರುತ್ತಾಳೆ. ಕೈಯಲ್ಲಿ ಕನ್ನಡದ ತಾಯಿ ಕಾರ್ಡ್, ಎದುರಿಗೆ ತೆಲುಗು ಓದುವ ನರ್ಸ್. ತಾರೀಖಿಗೆ ನಾಲ್ಕು ವಾರ ತಡವಾದರೂ ಸೂಜಿ ಹಾಕಿಸಿಕೊಳ್ಳಬಹುದು ಎಂಬ ಒಂದು ಮಾತನ್ನು ಹೊರಡುವ ಮುನ್ನ ಯಾರಾದರೂ ಹೇಳಿದ್ದರೆ ಅವಳು ಅಷ್ಟಕ್ಕೇ ಕೈಬಿಡುತ್ತಿರಲಿಲ್ಲ.

ಇನ್ನೊಂದು ಭಯ ಮುಟ್ಟಿನದು. ಅಂತರಾ ಶುರುವಾದ ಮೇಲೆ ಮುಟ್ಟು ಏರುಪೇರಾಗುತ್ತದೆ, ಕ್ರಮೇಣ ನಿಂತೇ ಹೋಗಬಹುದು. ‘ಕೆಟ್ಟ ರಕ್ತ ಹೊಟ್ಟೆಯಲ್ಲೇ ಉಳಿಯಿತು’ ಎಂದು ಅತ್ತೆ ಗಾಬರಿಯಾದರೆ ಸೊಸೆಯ ಧೈರ್ಯವೂ ಉಡುಗುತ್ತದೆ. ಅದು ಔಷಧದ ಗುಣ, ಕೊನೆಯ ಸೂಜಿ ಹಾಕಿಸಿಕೊಂಡ ಏಳರಿಂದ ಹತ್ತು ತಿಂಗಳೊಳಗೆ ಸಾಮಾನ್ಯವಾಗಿ ಮತ್ತೆ ಗರ್ಭ ನಿಲ್ಲುತ್ತದೆ ಎಂದು ಆ ಅತ್ತೆಯನ್ನೂ ಕೂರಿಸಿಕೊಂಡು ವಿವರಿಸಬೇಕು. ನಮ್ಮ ಆಶಾ ಕಾರ್ಯಕರ್ತೆಯರಲ್ಲಿ ಎರಡೂ ಭಾಷೆ ಬಲ್ಲವರಿದ್ದಾರೆ. ಮಾತಾಡಲು ಅವರಿಗೆ ಬಿಡುವು ಕೊಡಿ!

ಇದೆಲ್ಲ ತಪ್ಪಿದಾಗ ಉಳಿಯುವುದು ಆಪರೇಷನ್. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 57 ಮಂದಿ ಅದನ್ನೇ ಮಾಡಿಸಿಕೊಂಡವರು. ಗಂಡಸರ ಲೆಕ್ಕ ಹೆಚ್ಚುಕಡಿಮೆ ಸೊನ್ನೆ. ಹೊಟ್ಟೆ ಕೊಯ್ಯುವ ಅಗತ್ಯವೇ ಇಲ್ಲದ ಸುಲಭದ ಆಪರೇಷನ್ ಗಂಡಸರದು. ‘ದುಡಿಯುವ ಗಂಡಸಿಗೆ ನಿಶ್ಶಕ್ತಿಯಾಗುತ್ತದೆ’ ಎನ್ನುತ್ತಾರೆ. ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು ಯಾರು? ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣಕ್ಕೆ ಸರ್ಕಾರಿ ಕ್ಲಿನಿಕ್ ತೆರೆದಿತ್ತು. ಆಗ ನಾವು ನಿಜಾಮನ ಆಡಳಿತದಲ್ಲಿದ್ದೆವು, ಆ ಭಾಗ್ಯ ನಮ್ಮದಾಗಲಿಲ್ಲ. ಈಗ ಒಂದೇ ದೇಶದ ಎರಡು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕುಳಿತು ಮಾತಾಡಿದರೆ ಸಾಕು: ಕಾರ್ಡಿನ ಮೇಲೆ ತೆಲುಗಿನಲ್ಲೂ ನಾಲ್ಕು ಸಾಲು, ಮುಂದಿನ ಸೂಜಿಯ ತಾರೀಖು, ಆಶಾ ಕಾರ್ಯಕರ್ತೆಯ ಮೊಬೈಲ್ ಸಂಖ್ಯೆ. ಸೂಜಿ ಬೇಡವೆನ್ನುವವಳು ಗುಳೆ ಹೊರಟರೆ, ಹಿಂದಿರುಗುವ ತನಕ ಸಾಲುವಷ್ಟು ಛಾಯಾ ಮಾತ್ರೆ ಅವಳ ಗಂಟಿನಲ್ಲಿರಲಿ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು ಎಂದು ಬಾಯಿಬಿಟ್ಟು ಹೇಳಿ ಕಳುಹಿಸಬೇಕು.