ಫೇರ್‌ಟ್ರೇಡ್ ಮುದ್ರೆಯ ಕಾಫಿ ಕೊಂಡರೆ ದುಡ್ಡು ನಿಜಕ್ಕೂ ಬೆಳೆಗಾರರಿಗೆ ಹೋಗುತ್ತದಾ?

ನೀವು ಕೇಳಿದ್ದು ಎರಡು: ಬೆಂಗಳೂರಿನಲ್ಲಿ ಕೂತು ಹೆಚ್ಚು ಬೆಲೆ ಕೊಟ್ಟು ಫೇರ್‌ಟ್ರೇಡ್ ಕಾಫಿ ತರಿಸುವುದು ಸಾರ್ಥಕವೇ, ಇಲ್ಲದಿದ್ದರೆ ಏನು ನೋಡಿ ಕೊಳ್ಳಬೇಕು. ನಮ್ಮದು ಮೂಡಿಗೆರೆ ಕಡೆಯ ಸಣ್ಣ ತೋಟ. ಹಾಗಾಗಿ ಮಾರುವವರ ಕಡೆಯಿಂದ ಹೇಳ್ತೀನಿ.

ಫೇರ್‌ಟ್ರೇಡ್ ಅಂದರೆ ಬೆಳೆಗಾರರಿಗೆ ನ್ಯಾಯದ ಬೆಲೆ ಸಿಗಲಿ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆ ಕೊಡುವ ಮುದ್ರೆ. ಅದು ಮುಖ್ಯವಾಗಿ ಕೊಡುವ ಭರವಸೆ ಬೆಲೆ ಬಿದ್ದಾಗ ಹಿಡಿದುಕೊಳ್ಳುವ ಒಂದು ನೆಲೆ. ತೊಳೆದ (ತಿರುಳು ತೆಗೆದು ನೀರಲ್ಲಿ ತೊಳೆದು ಒಣಗಿಸಿದ) ಅರೇಬಿಕಾಕ್ಕೆ ಪೌಂಡಿಗೆ 1.40 ಡಾಲರ್ ಇದ್ದ ಕನಿಷ್ಠ ಬೆಲೆಯನ್ನು 2023ರ ಆಗಸ್ಟ್‌ನಿಂದ 1.80ಕ್ಕೆ ಏರಿಸಿದ್ದಾರೆ. ಅದರ ಮೇಲೆ 20 ಸೆಂಟ್ ಪ್ರೀಮಿಯಂ ಬೆಳೆಗಾರರ ಸಂಘಕ್ಕೆ ಹೋಗುತ್ತದೆ, ಖರ್ಚು ಹೇಗೆ ಅಂತ ಸಂಘದವರೇ ತೀರ್ಮಾನಿಸುತ್ತಾರೆ. 2001ರಲ್ಲಿ ಅರೇಬಿಕಾ 50 ಸೆಂಟ್‌ಗಿಂತ ಕೆಳಗೆ ಬಿದ್ದದ್ದನ್ನು ಕಂಡವರಿಗೆ ಈ ನೆಲೆಯ ಬೆಲೆ ಗೊತ್ತು. ಆಗ ಮಲೆನಾಡಿನಲ್ಲಿ ಹಣ್ಣು ಕುಯ್ಯಿಸಿದರೆ ಕೂಲಿಯೂ ಹುಟ್ಟುತ್ತಿರಲಿಲ್ಲ. ಆದರೆ 2025ರ ಶುರುವಿನಲ್ಲಿ ಮಾರುಕಟ್ಟೆ ಬೆಲೆಯೇ 4 ಡಾಲರ್ ದಾಟಿತ್ತು. ಅಂಥ ವರ್ಷ ಕನಿಷ್ಠ ಬೆಲೆ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಕಾಫಿಯಲ್ಲಿ ಈ ಮುದ್ರೆ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ. ಚಹಾ ತೋಟಕ್ಕೆ ಸಿಗುತ್ತದೆ, ಸಕಲೇಶಪುರದ ನೂರೆಕರೆ ಕಾಫಿ ಎಸ್ಟೇಟಿನವರು ಎಷ್ಟೇ ಚೆನ್ನಾಗಿ ಕೂಲಿ ಕೊಟ್ಟರೂ ಸಿಗುವುದಿಲ್ಲ. ಇತ್ತ ನಮ್ಮ ಸಣ್ಣ ಬೆಳೆಗಾರರಲ್ಲಿ ಹೆಚ್ಚಿನವರು ಯಾವ ಸಂಘದಲ್ಲೂ ಇಲ್ಲ. ಅಂದರೆ ಮುದ್ರೆ ಇಲ್ಲದ ಪೊಟ್ಟಣ ಅಂದ ಮಾತ್ರಕ್ಕೆ ಅದು ಅನ್ಯಾಯದ ಕಾಫಿ ಅಲ್ಲ. ಕಪ್ಪೆ ಚಿತ್ರದ ರೈನ್‌ಫಾರೆಸ್ಟ್ ಅಲಯನ್ಸ್ ಬೇರೆಯೇ ಮುದ್ರೆ. ಅದರಲ್ಲಿ ಕನಿಷ್ಠ ಬೆಲೆಯ ಮಾತಿಲ್ಲ.

ಸಣ್ಣವರ ಹಣ ಸೋರುವುದು ಎಲ್ಲಿ ಅಂತ ನೋಡಬೇಕಾದರೆ ಜನವರಿಯಿಂದಾಚೆ ಯಾವುದಾದರೂ ಕಾಫಿ ವ್ಯಾಪಾರಿಯ ಗೋಡೌನ್ ಮುಂದೆ ಅರ್ಧ ಗಂಟೆ ನಿಲ್ಲಿ. ಐವತ್ತು ಕೆ.ಜಿ.ಯ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗೆ ಕೊಳವೆ ಚುಚ್ಚಿ ಸ್ಯಾಂಪಲ್ ತೆಗೀತಾರೆ, ಪುಟ್ಟ ಹಲ್ಲರ್‌ನಲ್ಲಿ ಸಿಪ್ಪೆ ಬಿಡಿಸ್ತಾರೆ, ಬೀಜ ತೂಗ್ತಾರೆ, ಮಾಯಿಶ್ಚರ್ ಮೀಟರಿಗೆ ಹಾಕ್ತಾರೆ. ಆ ಮೂಟೆಯಿಂದ ಎಷ್ಟು ಕೆ.ಜಿ. ಬೀಜ ಬಂದೀತು ಅನ್ನುವುದೇ ಔಟ್‌ಟರ್ನ್. ಒಂದು ಕೆ.ಜಿ. ಬೀಜ ಅಂದರೆ ಒಂದು ಪಾಯಿಂಟ್, ರೇಟು ಆ ಲೆಕ್ಕದಲ್ಲಿ. 26 ಬರಬೇಕಾದಲ್ಲಿ 25 ಅಂತ ಬರೆದರೆ ಪ್ರತಿ ಮೂಟೆಗೂ ಒಂದು ಕೆ.ಜಿ. ಬೀಜದ ದುಡ್ಡು ಖೋತಾ. ವಾದ ಮಾಡಬಹುದು, ಆದರೆ ಮಳೆಗಾಲದಲ್ಲಿ ಗೊಬ್ಬರಕ್ಕೆಂದು ಅದೇ ವ್ಯಾಪಾರಿಯ ಹತ್ತಿರ ಅಡ್ವಾನ್ಸ್ ತಂದಿದ್ದವನು ಎಷ್ಟು ಗಟ್ಟಿಯಾಗಿ ವಾದ ಮಾಡಿಯಾನು? ಸಂಘದ ಮೂಲಕ ಮಾರಿದರೆ ಈ ಜಾಗದಲ್ಲೇ ವ್ಯತ್ಯಾಸ ಆಗುವುದು. ಹಿಂದೆ ಎಲ್ಲ ಕಾಫಿಯನ್ನೂ ಸರ್ಕಾರದ ಕಾಫಿ ಬೋರ್ಡಿನ ಪೂಲ್‌ಗೇ (ಎಲ್ಲರದನ್ನೂ ಒಟ್ಟು ಸೇರಿಸಿ ಬೋರ್ಡೇ ಮಾರುತ್ತಿದ್ದ ವ್ಯವಸ್ಥೆ) ಕೊಡಬೇಕಿತ್ತು. 1990ರ ದಶಕದಲ್ಲಿ ಅದು ಹೋಯಿತು. ಹೋಗಿದ್ದು ಒಳ್ಳೆಯದೇ, ಆದರೆ ಚೌಕಾಸಿಗೆ ಸಣ್ಣವರು ಒಬ್ಬೊಬ್ಬರೇ ಉಳಿದರು.

ಈಗ ಹಣ್ಣು ಕುಯ್ಯುವವರ ಲೆಕ್ಕ. ಒಂದು ಕೆ.ಜಿ. ಹುರಿದ ಪುಡಿಗೆ ಹೆಚ್ಚುಕಮ್ಮಿ ಆರೇಳು ಕೆ.ಜಿ. ಹಣ್ಣು ಬೇಕು. ಕುಯ್ಲಿಗೆ ಕೆ.ಜಿ.ಗೆ ಐದು ರೂಪಾಯಿ ಅಂತ ಇಟ್ಟುಕೊಂಡರೂ ನಿಮ್ಮ ಒಂದು ಕೆ.ಜಿ. ಪೊಟ್ಟಣದಲ್ಲಿ ಕುಯ್ದವರ ಪಾಲು ಮೂವತ್ತರಿಂದ ಮೂವತ್ತೈದು ರೂಪಾಯಿ. ಬೆಳೆಗಾರನಿಗೆ ರೇಟು ಏರಿದ ವರ್ಷ ಇದು ಅದೇ ಪ್ರಮಾಣದಲ್ಲಿ ಏರುತ್ತದೆ ಅಂತ ತಿಳಿಯಬೇಡಿ. ಈಗ ಅಸ್ಸಾಮಿನಿಂದ ಬಂದವರು ತೋಟದ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳು) ಉಳಿದು ಕುಯ್ಯುತ್ತಾರೆ. ಅವರ ಮಟ್ಟಿಗೆ ಮುದ್ರೆಯ ಹಿಡಿತ ಸಡಿಲ. ನೈತಿಕ ಗ್ರಾಹಕ ಅಂತ ಹೇಳಿಕೊಳ್ಳುವವರು ನಮ್ಮಂಥ ಬೆಳೆಗಾರರನ್ನೂ ಕುಯ್ದವರಿಗೆ ಎಷ್ಟು ಕೊಟ್ಟಿರಿ ಅಂತ ಕೇಳಬೇಕು. ನಮಗೆ ಇರುಸುಮುರುಸಾದರೆ ಆಗಲಿ.

ಹಾಗಾದರೆ ಏನು ಕೊಳ್ಳುವುದು? ಮೊದಲು ಪೊಟ್ಟಣದ ಹಿಂಬದಿ ಓದಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾನೂನಿನ ಪ್ರಕಾರ ಕಾಫಿ 51 ಭಾಗ ಇದ್ದರೆ ಸಾಕು. ಮಿಕ್ಕ 49 ಚಿಕೋರಿ ಬೇರಿನ ಪುಡಿ. ಅಂಥದ್ದು ಕೊಂಡು ಕಾಫಿ ಬೆಳೆಗಾರರಿಗೆ ನ್ಯಾಯ ಸಿಕ್ಕಿತೇ ಅಂತ ಯೋಚಿಸುವುದು ತಮಾಷೆ. (ಚಿಕೋರಿ ರುಚಿಯೇ ಇಷ್ಟವಾದರೆ ಧಾರಾಳವಾಗಿ ಕುಡಿಯಿರಿ, ನಮ್ಮ ಮನೆಯಲ್ಲೂ ಇಪ್ಪತ್ತು ಭಾಗ ಇದೆ.) ಆಮೇಲೆ ಯಾರ ತೋಟ, ಯಾವ ಊರು ಅಂತ ಹೆಸರು ಹಾಕಿರುವವರ ಹತ್ತಿರ ಕೊಳ್ಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಕಾಡಿನ ನೆರಳಲ್ಲಿ ಬೆಳೆದ ಕಾಫಿಯನ್ನು ಬ್ಲ್ಯಾಕ್ ಬಾಝಾ ಎಂಬ ಕಾಫಿ ಕಂಪನಿಯವರು ಅವರಿಂದಲೇ ಕೊಂಡು ಮಾರುತ್ತಾರೆ. ಚಿಕ್ಕಮಗಳೂರು, ಕೊಡಗಿನಲ್ಲಿ ತಮ್ಮ ಕಾಫಿಯನ್ನು ತಾವೇ ಹುರಿದು ಕೊರಿಯರ್ ಮಾಡುವ ತೋಟಗಳೂ ಈಗ ಸಾಕಷ್ಟಿವೆ. ಅವರಿಗೊಂದು ಮೆಸೇಜ್ ಹಾಕಿ, ಈ ಸಲ ಕುಯ್ಲಿಗೆ ಕೆ.ಜಿ.ಗೆ ಎಷ್ಟು ಕೊಟ್ಟಿರಿ ಅಂತ ನೇರವಾಗಿ ಕೇಳಿ. ಕೊಟ್ಟವರಿಗೆ ಹೇಳಲು ಕಷ್ಟವಿರುವುದಿಲ್ಲ.